ಮುಂದಕ್ಕೋ ಹಿಂದಕ್ಕೋ

ಮೇಲಿನ ದರ್ಜೆಯ ಪರೀಕ್ಷೆಗೆ ಇನ್ನು ಒಂಬತ್ತು ದಿನ ಇದೆ ಅನ್ನುವಾಗ ನನ್ನ ಅಭ್ಯಾಸದ ಜೋಡಿಯಾದ ಪೋಸ್ಟ್‌ಮ್ಯಾನ್ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಲಗಿಬಿಟ್ಟ. ಅವನನ್ನು ಬೈಯುವ ಹಾಗಿಲ್ಲ, ಹೊಟ್ಟೆ ಅವನದು. ಆದರೂ ಮನಸ್ಸಿನಲ್ಲಿ ಚೆನ್ನಾಗಿಯೇ ಬೈದೆ. ಐಕಿಡೊ ಅನ್ನುವ ಈ ಜಪಾನಿ ಕುಸ್ತಿಯಲ್ಲಿ ಒಬ್ಬರು ಎಸೆಯುವವರು, ಒಬ್ಬರು ಬೀಳುವವರು. ಪರೀಕ್ಷೆ ಎಸೆಯುವವರಿಗೆ ಅಂತ ಹೆಸರಿಗೆ ಮಾತ್ರ. ಬೀಳುವವರು ಪಳಗಿದವರಲ್ಲದಿದ್ದರೆ ನೀವು ಎಂಥ ಗಟ್ಟಿಗರಾದರೂ ಗೋಣಿಚೀಲ ಎತ್ತಿ ಹಾಕಿದ ಹಾಗೆ ಕಾಣುತ್ತದೆ. ನಮ್ಮ ನಿಯಮದ ಪ್ರಕಾರ ಬೀಳುವವರನ್ನು ನಾವೇ ಕರೆದುಕೊಂಡು ಹೋಗಬೇಕು.

ಅದೇ ಸಂಜೆ ನನ್ನ ತಮ್ಮ ಫೋನ್ ಮಾಡಿದ.

"ಅಕ್ಕ, ನಿನಗೆ ಬೀಳೋಕೆ ನಾನು ಬರ್ತೀನಿ."

"ಬೇಡ ಕಣೋ."

"ಯಾಕೆ ಬೇಡ? ಡಾಕ್ಟ್ರು ಆಗಲಿ ಅಂತ ಬರೆದುಕೊಟ್ಟು ಒಂದು ವರ್ಷ ಆಯ್ತು."

ಯಾಕೆ ಬೇಡ ಅನ್ನುವುದು ಅವನಿಗೆ ಅರ್ಧ ಗೊತ್ತಿತ್ತು. ನನಗೆ ಪೂರ್ತಿ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವನನ್ನು ಕೊನೆಯ ಸಲ ಎಸೆದವಳು ನಾನೇ. ಅವತ್ತು ಅವನ ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತ್ತು.

ನಮ್ಮ ಊರಿನಲ್ಲಿ ಐಕಿಡೊ ಕಲಿಸುವ ಜಾಗ ಎರಡಿವೆ. ಅಮ್ಮ ಎರಡನ್ನೂ ಗರಡಿ ಅನ್ನುತ್ತಾಳೆ, ಕೇಳಿ ಕೇಳಿ ನಾವೂ ಹಾಗೇ ಅನ್ನುತ್ತೇವೆ. ನಾನು ಹೋಗುವುದು ಮೇಷ್ಟ್ರ ಗರಡಿಗೆ. ಮೇಷ್ಟ್ರು ಲೇತ್ ಮಷೀನಿನ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. ತಮ್ಮ ಹೋಗುವುದು ಬಸ್ ಡಿಪೋದ ಆಚೆ ಇರುವ ಟೀಚರ್ ಗರಡಿಗೆ. ಟೀಚರ್ ಹಗಲು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಾರೆ, ಸಂಜೆ ಇಲ್ಲಿ. ಇಬ್ಬರೂ ಬೇರೆ ಬೇರೆ ಪರಂಪರೆಯವರ ಹತ್ತಿರ ಕಲಿತವರು. ಆದ್ದರಿಂದ ಪಟ್ಟುಗಳು ಹೆಚ್ಚುಕಡಿಮೆ ಒಂದೇ ಆದರೂ ಹೆಸರುಗಳು ಬೇರೆ. ತೋಳನ್ನು ನೆಲಕ್ಕೆ ಒತ್ತಿ ಹಿಡಿಯುವ ಮೊದಲನೆಯ ಪಟ್ಟು ನಮ್ಮಲ್ಲಿ ಇಕ್ಕ್ಯೋ, ಅವರಲ್ಲಿ ಇಕ್ಕಾಜೋ. ಮೊಣಕೈಯ ಕೆಳಗಿಂದ ದೂಡಿ ಎಸೆಯುವುದಕ್ಕೆ ನಮ್ಮಲ್ಲಿ ಒಂದು ಹೆಸರು, ಅವರಲ್ಲಿ ಇನ್ನೊಂದು. ಹೊಸಬರು ಕೇಳಿದರೆ ಮೇಷ್ಟ್ರು, "ಅವರಿಗೆ ಹೆಸರು ಗೊತ್ತಿಲ್ಲ" ಅನ್ನುತ್ತಾರೆ. ಟೀಚರ್ ಕೂಡ ಅದನ್ನೇ ಅನ್ನುತ್ತಾರೆ, ಸ್ವಲ್ಪ ಮರ್ಯಾದೆಯಿಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದಕ್ಕೆ ಇವರಿಬ್ಬರನ್ನು ನೋಡಬೇಕು.

ನಾನು ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕೆಲಸ ಮಾಡುವವಳು. ಹದಿನೆಂಟು ವರ್ಷದಿಂದ ಹೆಸರುಗಳ ಜೊತೆಯೇ ನನ್ನ ಗುದ್ದಾಟ. ನಮ್ಮ ಕೆಲಸದಲ್ಲಿ ಒಂದು ವಿಷಯ ಮೊದಲ ವಾರದಲ್ಲೇ ತಲೆಗೆ ಹೋಗುತ್ತದೆ. ಒಂದು ಮಾತ್ರೆಗೆ ಹತ್ತು ಹೆಸರಿದ್ದರೆ ತಲೆನೋವು ಅಷ್ಟೇ. ಒಂದೇ ಹೆಸರಿನಲ್ಲಿ ಎರಡು ಮಾತ್ರೆ ಬಂದರೆ ಹೆಣ ಬೀಳುತ್ತದೆ. ಅಂಥವು ಬಂದಾಗ ನಾನು ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಟ್ಟು ಹಳದಿ ಚೀಟಿ ಅಂಟಿಸುತ್ತೇನೆ. ಕೊಡುವ ಮೊದಲು ಗಟ್ಟಿಯಾಗಿ ಓದುತ್ತೇನೆ, ಕೇಳುವವರು ಹೌದು ಅನ್ನುವವರೆಗೂ ಕೈ ಬಿಡುವುದಿಲ್ಲ. ಕಿಟಕಿಯ ಆಚೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ, ಗೊಣಗಲಿ.

ಇಷ್ಟು ಹುಷಾರಿನವಳು ನಾನು, ಮ್ಯಾಟಿನ ಮೇಲೆ ಮಾತ್ರ ಎಡವಿದೆ.

ಎರಡು ವರ್ಷದ ಹಿಂದೆ ಎರಡೂ ಗರಡಿಯವರು ಸೇರಿ ಒಂದು ಭಾನುವಾರ ಅಭ್ಯಾಸ ಇಟ್ಟುಕೊಂಡಿದ್ದರು. ಟೀಚರ್ ಗರಡಿಯಲ್ಲಿ. ತಮ್ಮ ಕಲಿಯಲು ಸೇರಿ ಆಗ ಮೂರು ವರ್ಷವಾಗಿತ್ತು. "ಅಕ್ಕ ತಮ್ಮ ಜೋಡಿ ಆಗಿ" ಅಂತ ಯಾರೋ ಕೂಗಿದರು, ಎಲ್ಲರೂ ನಕ್ಕರು, ನಾವೂ ನಿಂತೆವು. ಟೀಚರ್ "ಕೊಕ್ಯು ನಾಗೆ" ಅಂದರು. ಉಸಿರಿನ ಎಸೆತ ಅಂತ ಅದರ ಅರ್ಥ. ಎದುರಿಗೆ ಬಂದವನ ಪಕ್ಕಕ್ಕೆ ನುಗ್ಗಿ, ಅವನ ಕುತ್ತಿಗೆಯ ಹಿಂದೆ ಕೈಯಿಟ್ಟು, ಅರ್ಧ ಸುತ್ತು ತಿರುಗಿಸುವುದು. ಅಲ್ಲಿಯವರೆಗೆ ಎರಡು ಗರಡಿಗೂ ವ್ಯತ್ಯಾಸವೇ ಇಲ್ಲ. ಆಮೇಲೆ ನಮ್ಮಲ್ಲಿ ತೋಳನ್ನು ಗಲ್ಲದ ಅಡಿಗೆ ತಂದು ಹಿಂದಕ್ಕೆ ಬೀಳಿಸುತ್ತೇವೆ. ಟೀಚರ್ ಗರಡಿಯಲ್ಲಿ ಅದೇ ಹೆಸರಿಗೆ ಮುಂದಕ್ಕೆ ಕಳಿಸುತ್ತಾರೆ, ಬೀಳುವವನು ತಲೆ ಬಾಗಿಸಿ ಭುಜದ ಮೇಲೆ ಉರುಳಿ ಏಳುತ್ತಾನೆ. ನನ್ನ ತಮ್ಮ ತಲೆ ಬಾಗಿಸಿ ಮುಂದಕ್ಕೆ ಹಾರಿದ. ನನ್ನ ತೋಳು ಎದುರಿನಿಂದ ಬಂತು.

ಆ ಸದ್ದು ಹೇಗಿತ್ತು ಅಂತ ಹೇಳುವುದಿಲ್ಲ. ಹೇಳಿದರೆ ಇವತ್ತು ಊಟ ಸೇರುವುದಿಲ್ಲ.

ಮೂರು ತಿಂಗಳು ಕುತ್ತಿಗೆಗೆ ಪಟ್ಟಿ. ಅವನು ಮನೆಗಳಿಗೆ ಬಣ್ಣ ಬಳಿಯುವವನು. ತಾರಸಿಯ ಒಳಮೈ ಬಳಿಯಲು ಕತ್ತೆತ್ತಿ ಗಂಟೆಗಟ್ಟಲೆ ನಿಲ್ಲಬೇಕು, ಆ ಕೆಲಸ ಹೋಯಿತು. ಈಗ ಗೋಡೆ ಅವನದು, ತಾರಸಿಗೆ ಬೇರೆಯವನು. ಟೀಚರ್ ಆಸ್ಪತ್ರೆಗೆ ಬಂದು ಅವನ ಮಂಚದ ಪಕ್ಕ ಕೂತು ಹೇಳಿದರು. "ಕೊಕ್ಯು ಅಂದ್ರೆ ಒಂದೇ ಎಸೆತ ಅಲ್ಲಪ್ಪ. ಮೇಲಿನ ದರ್ಜೆಯಲ್ಲಿ ಹಿಂದಕ್ಕೂ ಇದೆ. ನೀನಿನ್ನೂ ಅಲ್ಲಿಗೆ ಬಂದಿಲ್ಲ. ಬೀಳೋನು ಹೆಸರಿಗೆ ಬೀಳಬಾರದು, ಕೈಗೆ ಬೀಳಬೇಕು. ನೀನು ಅವಸರ ಮಾಡಿದೆ." ತಮ್ಮ ತಲೆ ಆಡಿಸಲಾಗದೆ ಕಣ್ಣು ಮುಚ್ಚಿ ತೆರೆದ. ಒಪ್ಪಿಕೊಂಡ ಅಂತ ಅರ್ಥ.

ನಾನೂ ಅದನ್ನೇ ನಂಬಿದೆ, ಹನ್ನೊಂದು ದಿನ. ಹನ್ನೆರಡನೆಯ ದಿನ ಅಪಘಾತದ ವರದಿಗೆ ಸಹಿ ಹಾಕಲು ಟೀಚರ್ ಕೋಣೆಗೆ ಹೋದೆ. ಗೋಡೆಯ ಮೇಲೆ ಅವರ ಗರಡಿಯ ಪೂರ್ತಿ ಪಟ್ಟಿ ಇತ್ತು, ಮೊದಲ ದರ್ಜೆಯಿಂದ ಕೊನೆಯ ದರ್ಜೆಯವರೆಗೆ. ಕಲಿಯುವವರಿಗೆ ಅವರವರ ದರ್ಜೆಯ ಒಂದು ಹಾಳೆ ಮಾತ್ರ ಸಿಗುತ್ತದೆ, ಇಡೀ ಪಟ್ಟಿ ಇರುವುದು ಆ ಕೋಣೆಯಲ್ಲೇ. ಪಟ್ಟಿ ಕಂಡರೆ ಓದುವುದು ನನ್ನ ಚಟ. ಓದಿದೆ. ಕೊಕ್ಯು ನಾಗೆ ಆರು ಕಡೆ ಬಂದಿತ್ತು. ಆರೂ ಕಡೆ ಹೆಸರಿನ ಪಕ್ಕ ಬರೆದದ್ದು ಒಂದೇ, ಮುಂದಕ್ಕೆ ಉರುಳು. ಹಿಂದಕ್ಕೆ ಬೀಳಿಸುವ ಎಸೆತಕ್ಕೆ ಅಲ್ಲಿ ಇರಿಮಿ ನಾಗೆ ಅಂತ ಬೇರೆಯೇ ಹೆಸರಿತ್ತು.

ಅಂದರೆ ನನ್ನ ತಮ್ಮ ತಪ್ಪು ಮಾಡಿರಲಿಲ್ಲ. ಕರೆದ ಹೆಸರಿಗೆ, ಕಲಿಸಿದ ಹಾಗೆ, ಸರಿಯಾಗಿ ಬಿದ್ದಿದ್ದ.

ತಿರುಗಿ ನೋಡಿದೆ. ನಾನು ಪಟ್ಟಿ ಓದುತ್ತಿದ್ದದ್ದನ್ನು ಟೀಚರ್ ನೋಡುತ್ತಿದ್ದರು. ಅವರು ವರದಿಯನ್ನು ನನ್ನ ಮುಂದೆ ಸರಿಸಿದರು. 'ಕಾರಣ: ಬೀಳುವವನ ಅವಸರ' ಅಂತ ಬರೆದಿತ್ತು. ಬೇರೆ ಊರಿನ ಮಾತ್ರೆಯನ್ನು ಹೆಸರು ಕೇಳಿಯೇ ಕೊಟ್ಟುಬಿಟ್ಟ ಹಾಗೆ ಅವನನ್ನು ಎಸೆದವಳು ನಾನು ಅನ್ನುವುದು ಆ ಕ್ಷಣ ನನಗೆ ಹೊಳೆದಿತ್ತು. ಬೇರೆ ಗರಡಿಗೆ ಹೋದವಳು ಒಂದು ಮಾತು ಕೇಳಬೇಕಿತ್ತು, ಮುಂದಕ್ಕೋ ಹಿಂದಕ್ಕೋ ಅಂತ. ಕೇಳಲಿಲ್ಲ. ಅವಸರ ಅವನದು ಅಂತಾದರೆ ತಪ್ಪು ನನ್ನದಲ್ಲ. ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.

ಆವತ್ತಿನಿಂದ ಅದು ನನಗೆ ಬಿಸಿ ತುಪ್ಪ. ಉಗುಳಲಿಲ್ಲ, ನುಂಗಲೂ ಇಲ್ಲ.

ಟೀಚರ್ ಅವನನ್ನು ಹಿಂದಿನ ಸಾಲಿಗೆ ಹಾಕಿದರು. ಒಬ್ಬನೇ ಉರುಳುವುದು, ಒಬ್ಬನೇ ಏಳುವುದು. ಯಾರಿಗೂ ಬೀಳುವ ಹಾಗಿಲ್ಲ. ಅವನು ಒಂದು ದಿನವೂ ತಪ್ಪಿಸಿಕೊಳ್ಳದೆ ಹೋದ. ಈಗ ನನ್ನ ಪರೀಕ್ಷೆಯಲ್ಲಿ ಬೀಳುತ್ತೇನೆ ಅನ್ನುತ್ತಿದ್ದಾನೆ. ಪರೀಕ್ಷೆ ನಡೆಸಲು ಹೊರ ಊರಿನಿಂದ ಬರುವ ಹಿರಿಯ ಗುರುಗಳನ್ನು ಎರಡೆರಡು ಸಲ ಕರೆಸುವುದು ಆಗದ ಮಾತಾದ್ದರಿಂದ ಪರೀಕ್ಷೆ ಎರಡೂ ಗರಡಿಗೆ ಸೇರಿ ಒಂದೇ, ಅದೂ ಟೀಚರ್ ಗರಡಿಯಲ್ಲಿ. ಮೇಜಿನ ಹಿಂದೆ ಮೂವರು: ಹಿರಿಯರು, ಮೇಷ್ಟ್ರು, ಟೀಚರ್. ಟೀಚರ್ ಕಣ್ಣೆದುರು ಬೀಳಬೇಕು ಅನ್ನುವುದೇ ಅವನ ಆಸೆ. ಬೇಡ ಅಂದರೆ ನಿನ್ನ ಕುತ್ತಿಗೆ ಮುರುಕು ಅಂತ ನಾನೇ ಹೇಳಿದ ಹಾಗಾಗುತ್ತದೆ. ಆಯಿತು ಅಂದೆ.

ಮೊದಲು ಮೇಷ್ಟ್ರ ಹತ್ತಿರ ಹೋದೆ.

"ಮೇಷ್ಟ್ರೇ, ಪರೀಕ್ಷೆಗೆ ಮುಂಚೆ ನೀವು ಮೂವರೂ ಕೂತು ಹೆಸರು ಒಂದು ಮಾಡ್ಕೊಳ್ಳಿ. ಕೊಕ್ಯು ಅಂದ್ರೆ ಯಾವುದು ಅಂತ."

"ಯಾವುದು ಅಂದ್ರೆ? ನಮ್ಮದೇ."

"ಟೀಚರ್ ಕಡೆ ಬೇರೆ ಇದೆ."

"ಅವರಿಗೆ ಗೊತ್ತಿಲ್ಲ ಅಂತ ನಾವು ಬದಲಾಯಿಸೋಕಾಗುತ್ತಾ? ನೀನು ಸುಮ್ನೆ ಭಯ ಬೀಳ್ತೀಯ. ಹಿರಿಯರೇ ಹೆಸರು ಕರೀತಾರೆ, ಅವರು ಕಲಿತದ್ದು ನಮ್ಮ ಹಾಗೇ. ಹಿಂದಕ್ಕೇ."

ಅಷ್ಟರಮಟ್ಟಿಗೆ ಉಸಿರು ಬಂತು. ಹಿರಿಯರು ಕರೆದರೆ ಹಿಂದಕ್ಕೆ. ತಮ್ಮನಿಗೆ ಅದನ್ನು ಹೇಳಿ ಪಳಗಿಸಿದರೆ ಸಾಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಬಚಾವ್, ಅವನ ಕುತ್ತಿಗೆಯೂ ಬಚಾವ್.

ನಮ್ಮ ಗರಡಿಯಲ್ಲಿ ಆರು ಸಂಜೆ ಅಭ್ಯಾಸ ಮಾಡಿದೆವು. ನಾನು ಪ್ರತಿ ಸಲವೂ ಬಾಯಿಬಿಟ್ಟು "ಹಿಂದಕ್ಕೆ" ಅಂತ ಹೇಳಿ ಆಮೇಲೆ ಕೈ ಹಾಕುತ್ತಿದ್ದೆ. ಅವನು ಗಲ್ಲವನ್ನು ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಅಂಗೈಯಿಂದ ಮ್ಯಾಟನ್ನು ಬಡಿದು ಬೀಳುತ್ತಿದ್ದ. ಏನು ಚೆಂದ ಬೀಳುತ್ತಿದ್ದ ಅಂತೀರಿ. ಎರಡು ವರ್ಷ ಒಬ್ಬನೇ ಉರುಳಿ ಉರುಳಿ ಅವನ ಬೀಳುವಿಕೆಯಲ್ಲಿ ಒಂದು ಸದ್ದೂ ಹೆಚ್ಚಿರಲಿಲ್ಲ. ಕೆಟ್ಟದಾಗಿ ಮಾಡುತ್ತಿದ್ದವಳು ನಾನು. ಅವನ ಕುತ್ತಿಗೆಯ ಹಿಂದೆ ಕೈಯಿಟ್ಟ ಕೂಡಲೇ ನನ್ನ ಬೆರಳುಗಳು ಆ ಮೂಳೆಯನ್ನು ಹುಡುಕುತ್ತಿದ್ದವು.

"ಅಕ್ಕ, ನೀನು ನನ್ನನ್ನ ಎಸೀತಿಲ್ಲ. ಮೊಟ್ಟೆ ಇಟ್ಟ ಹಾಗೆ ಇಡ್ತಿದ್ದೀಯ."

"ಇಟ್ಟರೆ ಒಡೆಯಲ್ಲ."

"ಹಿರಿಯರು ನಗ್ತಾರೆ."

"ನಗಲಿ."

"ನಿನ್ನ ಪರೀಕ್ಷೆ ಅಲ್ಲ ಇದು ಅಂತ ನನಗೂ ಗೊತ್ತು, ನಿನಗೂ ಗೊತ್ತು," ಅಂದ ಅವನು, ನೆಲದ ಮೇಲೆ ಕೂತೇ. "ಒಂದು ಸಲ ಸರಿಯಾಗಿ ಎಸಿ. ಟೀಚರ್ ನೋಡಲಿ."

ಅವನಿಗೆ ಹೇಳಿಬಿಡಬೇಕು ಅಂತ ಮೂರು ಸಲ ಹೊರಟೆ. ಒಂದು ಸಲ ಚಹಾ ಅಂಗಡಿಯಲ್ಲಿ. ಅವನು ಲೋಟ ಎತ್ತಿದ, ನಾನು ಸಕ್ಕರೆ ಸಾಲದು ಅಂದೆ. ಇನ್ನೊಂದು ಸಲ ಫೋನಿನಲ್ಲಿ. ಅಮ್ಮನ ಬಿಪಿ ಮಾತ್ರೆಯ ವಿಷಯ ಮಾತಾಡಿ ಇಟ್ಟೆ. ಮೂರನೆಯ ಸಲ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಅವನು ಕೆಲಸ ಮಾಡುತ್ತಿದ್ದ ಮನೆಗೇ ಹೋದೆ.

ನಾಲ್ಕನೇ ಮಹಡಿಯ ಖಾಲಿ ಮನೆ. ನೆಲದ ತುಂಬ ಹಳೆ ಪೇಪರು, ಕಿಟಕಿಗೆ ಬಾಗಿಲಿಲ್ಲ, ಟರ್ಪೆಂಟೈನ್ ವಾಸನೆ. ಒಬ್ಬ ಏಣಿಯ ಮೇಲೆ ನಿಂತು ತಾರಸಿಗೆ ರೋಲರ್ ಆಡಿಸುತ್ತಿದ್ದ. ತಮ್ಮ ಕೆಳಗೆ ಗೋಡೆಗೆ ಪುಟ್ಟಿ ತಿಕ್ಕುತ್ತಿದ್ದ. ಮೇಲಿನಿಂದ ಬಿಳಿ ಹನಿ ಅವನ ತಲೆಯ ಮೇಲೆ ಬೀಳುತ್ತಿತ್ತು.

"ಏನಕ್ಕಾ ಇಲ್ಲಿಗೆ? ಅಮ್ಮ ಚೆನ್ನಾಗಿದ್ದಾಳಾ?"

"ಚೆನ್ನಾಗಿದ್ದಾಳೆ. ನಿನಗೆ ಒಂದು ಮಾತು ಹೇಳ್ಬೇಕಿತ್ತು. ಅವತ್ತು…"

"ಅವತ್ತಿಂದು ಬಿಡು," ಅಂದ. ಮರಳು ಕಾಗದವನ್ನು ಮಡಿಚಿ ಜೇಬಿಗೆ ಹಾಕಿದ. "ನೀನು ಅವತ್ತಿಂದ ನನ್ನ ಮುಖ ಸರಿಯಾಗಿ ನೋಡಿಲ್ಲ. ನಿನ್ನದೇನೂ ತಪ್ಪಿಲ್ಲ ಅಕ್ಕ. ಅವಸರ ಮಾಡಿದ್ದು ನಾನು. ನಾನು ಬೀಳೋಕೆ ಬರದೆ ಬಿದ್ದೆ, ನೀನು ಅದಕ್ಕೆ ಎರಡು ವರ್ಷ ಸಂಕಟ ಪಟ್ಟೆ. ನಾಳೆ ಒಂದು ದಿನ ಕಳೀಲಿ, ನಿನಗೂ ನಿರಾಳ, ನನಗೂ ನಿರಾಳ."

ಹೀಗೆ ಕ್ಷಮಿಸಿಬಿಟ್ಟರೆ ಮನುಷ್ಯ ಬಾಯಿ ಬಿಡುವುದು ಹೇಗೆ? ನನ್ನ ಪಾಪವನ್ನೆಲ್ಲ ತಾನೇ ಹೊತ್ತುಕೊಂಡು, ನನಗೆ ಭಾರ ಆಯಿತೇನೋ ಅಂತ ಕೇಳುತ್ತಿದ್ದ. ನಾನು ಅವನ ತಲೆಯ ಮೇಲಿದ್ದ ಬಣ್ಣದ ಹನಿಯನ್ನು ಸೆರಗಿನಿಂದ ಒರೆಸಿದೆ. "ನಾಳೆ ಹಿರಿಯರು ಕರೀತಾರೆ. ಕೊಕ್ಯು ಅಂದ್ರೆ ಹಿಂದಕ್ಕೆ. ಮರೀಬೇಡ," ಅಂದೆ.

"ಗೊತ್ತು. ಮೇಲಿನ ದರ್ಜೆಯದು ಹಿಂದಕ್ಕೆ. ಟೀಚರ್ ಅವತ್ತೇ ಹೇಳಿದ್ರಲ್ಲ."

ಮೆಟ್ಟಿಲು ಇಳಿಯುವಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಅಮ್ಮ ನೀರಿನ ಬಾಟಲಿ, ಟವೆಲ್, ನೋವಿನ ಮುಲಾಮು ಎಲ್ಲ ಚೀಲಕ್ಕೆ ತುಂಬಿಕೊಂಡು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಬರುವ ದಾರಿಯಲ್ಲಿ ನನಗೆ ಅವಳು ಹೇಳಿದ್ದು ಒಂದೇ ಮಾತು. "ಇರೋನು ಒಬ್ಬನೇ ತಮ್ಮ. ನೋಡಿಕೊಂಡು ಎತ್ತಿ ಹಾಕು." ಅವಳ ಪಕ್ಕ ಎರಡೂ ಗರಡಿಯವರು ಸೇರಿ ಮೂವತ್ತು ಜನ ಕಾಲು ಮಡಿಚಿ ಕೂತಿದ್ದರು. ಮುಂದಿನ ಸಾಲಿನಲ್ಲಿ ದೊಡ್ಡ ದರ್ಜೆಯವರು, ಹಿಂದೆ ಸಣ್ಣವರು. ಮೇಜಿನ ಮೇಲೆ ಒಂದು ಹಾಳೆ, ಮೂರು ಪೆನ್ನು, ಒಂದು ಫ್ಲಾಸ್ಕ್.

ನಾವಿಬ್ಬರೂ ಬಾಗಿ ನಮಸ್ಕರಿಸಿ ಮ್ಯಾಟಿನ ಮಧ್ಯಕ್ಕೆ ಹೋದೆವು. ಮ್ಯಾಟಿನ ಮೇಲೆ ಪರೀಕ್ಷೆಗೆ ನಿಂತವರು ಮಾತಾಡುವ ಹಾಗಿಲ್ಲ. ಕರೆದದ್ದನ್ನು ಮಾಡಬೇಕು ಅಷ್ಟೇ. ಮಾತಾಡಿದರೆ ಆ ದಿನಕ್ಕೆ ಮುಗಿಯಿತು, ಮನೆಗೆ ಹೋಗಬಹುದು. ಹಿರಿಯರು ಹಾಳೆ ಎತ್ತಿಕೊಂಡು ಬಾಯಿ ತೆರೆದರು. ಕೆಮ್ಮು ಬಂತು. ಮತ್ತೆ ತೆರೆದರು, ಮತ್ತೆ ಕೆಮ್ಮು. ಪ್ರಯಾಣದ ಧೂಳಿಗೆ ಗಂಟಲು ಕಟ್ಟಿದೆ ಅಂತ ಕೈಸನ್ನೆ ಮಾಡಿ, ಹಾಳೆಯನ್ನು ಪಕ್ಕಕ್ಕೆ ಕೊಟ್ಟರು. ಎಡಪಕ್ಕಕ್ಕೆ ಕೊಟ್ಟಿದ್ದರೆ ಮೇಷ್ಟ್ರಿದ್ದರು. ಕೊಟ್ಟದ್ದು ಬಲಪಕ್ಕಕ್ಕೆ, ಟೀಚರ್ ಕೈಗೆ.

ಹಿರಿಯರ ಬಾಯಲ್ಲಿ ಹಿಂದಕ್ಕೆ ಆಗಿದ್ದು ಟೀಚರ್ ಬಾಯಲ್ಲಿ ಏನು? ಐದು ವರ್ಷದಿಂದ ಆ ದನಿ ಕೇಳಿ ಕೇಳಿ ಬಿದ್ದವನು ನನ್ನ ತಮ್ಮ. ನಾನು ಆರು ಸಂಜೆ ಹೇಳಿಕೊಟ್ಟದ್ದು ಆ ದನಿಯ ಮುಂದೆ ನಿಲ್ಲುತ್ತದೆಯೇ? ಅವನ ಕಣ್ಣು ಹುಡುಕಿದೆ. ಅವನು ಟೀಚರನ್ನೇ ನೋಡುತ್ತಿದ್ದ, ಕ್ಲಾಸಿನಲ್ಲಿ ಮೊದಲ ಸಲ ಕೈ ಎತ್ತಿದ ಹುಡುಗನ ಮುಖ ಮಾಡಿಕೊಂಡು.

ಟೀಚರ್ ಒಂದೊಂದೇ ಕರೆದರು. ಮೊದಲಿನ ನಾಲ್ಕು ನಿರಪಾಯದವು, ಹೆಸರು ಬೇರೆ ಇದ್ದರೂ ಬೀಳುವ ದಿಕ್ಕು ಒಂದೇ. ಮಾಡಿದೆ. ಅವನು ಬಿದ್ದ, ಎದ್ದ, ಬಿದ್ದ, ಎದ್ದ. ಮುಂದಿನ ಸಾಲಿನಲ್ಲಿ ಯಾರೋ ಮೆಚ್ಚಿ ತಲೆದೂಗಿದರು. ಐದನೆಯದು ಮಣಿಕಟ್ಟು ತಿರುಚುವುದು, ಆರನೆಯದು ಮೊಣಕೈ. ಇನ್ನು ಒಂದು, ಇನ್ನು ಎರಡು ಅಂತ ಎಣಿಸುತ್ತಾ ಆ ಹೆಸರು ಬರದೇ ಹೋಗಲಿ ಅಂತ ಕಂಡಕಂಡ ದೇವರಿಗೆಲ್ಲ ಬೇಡಿಕೊಂಡೆ.

"ಕೊಕ್ಯು ನಾಗೆ," ಅಂದರು ಟೀಚರ್.

ಅವನು ಬಂದ. ನಾನು ಪಕ್ಕಕ್ಕೆ ನುಗ್ಗಿದೆ. ಕುತ್ತಿಗೆಯ ಹಿಂದೆ ಕೈ ಹೋಯಿತು, ಅರ್ಧ ಸುತ್ತು ತಿರುಗಿತು. ಇನ್ನು ತೋಳು ಎತ್ತಿ ಗಲ್ಲದ ಅಡಿಗೆ ತರಬೇಕು. ಆಗ ಅವನ ಪಾದ ಕಂಡಿತು. ಹಿಂದಕ್ಕೆ ಬೀಳುವವನ ಭಾರ ಹಿಮ್ಮಡಿಯಲ್ಲಿರುತ್ತದೆ. ಅವನ ಹಿಮ್ಮಡಿ ಮ್ಯಾಟಿನಿಂದ ಮೇಲೆದ್ದಿತ್ತು. ಬೆರಳುಗಳು ಒತ್ತಿ ನಿಂತಿದ್ದವು, ಹಾರಲು.

ನಾನು ಕೈ ಬಿಟ್ಟೆ. ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಮುಗ್ಗರಿಸಿ, ಮೊಣಕಾಲೂರಿ, ಎದ್ದು ನಿಂತು ನನ್ನನ್ನು ನೋಡಿದ. ಬೆಂಚಿನ ಮೇಲೆ ಅಮ್ಮ ಎದ್ದುನಿಂತಿದ್ದಳು.

"ಮುಂದುವರಿಸಿ," ಅಂದರು ಟೀಚರ್.

ಸುಮ್ಮನೆ ಇನ್ನೊಮ್ಮೆ ಮಾಡಿ ಮುಂದಕ್ಕೆ ಕಳಿಸಿಬಿಡಬಹುದಿತ್ತು. ಅವನು ಚೆಂದವಾಗಿ ಉರುಳುತ್ತಿದ್ದ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಈಗ ಅವನು ಹಿಂದಕ್ಕೆ ಅಂದುಕೊಂಡು ಹಿಮ್ಮಡಿ ಊರಿದ್ದರೆ? ನಾನು ಮುಂದಕ್ಕೆ ಅಂದುಕೊಂಡರೆ? ಕಿಟಕಿಯಲ್ಲಿ ಹದಿನೆಂಟು ವರ್ಷ ನಿಂತವಳಿಗೆ ಇಂಥ ಜೂಜು ಆಡಲು ಬರುವುದಿಲ್ಲ. ನನ್ನ ಬಾಯಿ ತಾನಾಗಿ ತೆರೆಯಿತು.

"ಯಾವ ಕಡೆಗೆ?" ಅಂದೆ. "ಮುಂದಕ್ಕೋ ಹಿಂದಕ್ಕೋ? ಹೇಳಿ. ಹೇಳೋ ತನಕ ನಾನು ಇವನನ್ನ ಎಸೆಯಲ್ಲ."

ಹಿರಿಯರು ಫ್ಲಾಸ್ಕಿನ ಮುಚ್ಚಳ ಹಿಡಿದುಕೊಂಡೇ ಉಳಿದರು.

"ಮುಂದಕ್ಕೆ," ಅಂದರು ಟೀಚರ್, ಸಿಟ್ಟಿನಲ್ಲಿ. "ಅದರಲ್ಲಿ ಕೇಳೋದೇನಿದೆ?"

"ಹಿಂದಕ್ಕೆ," ಅಂದರು ಮೇಷ್ಟ್ರು, ಅದೇ ಉಸಿರಿನಲ್ಲಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ತಮ್ಮ ನಗಲಿಲ್ಲ. ಅವನು ಮೇಜಿನ ಕಡೆ ಎರಡು ಹೆಜ್ಜೆ ಹೋದ.

"ಟೀಚರ್, ದೊಡ್ಡ ದರ್ಜೆಯ ಪರೀಕ್ಷೆ ಇದು. ಮೇಲಿನ ದರ್ಜೆಗೆ ಹಿಂದಕ್ಕೆ ಅಲ್ವಾ?"

ಟೀಚರ್ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟು ಅದರ ಅಂಚನ್ನು ಸರಿಮಾಡಿದರು.

"ಅವತ್ತು ನಾನು ಮುಂದಕ್ಕೇ ಹೋಗಿದ್ದು," ಅಂದ ತಮ್ಮ. ಅವನ ದನಿ ಏರಲಿಲ್ಲ. "ನೀವು ಕರೆದಿರಿ, ನಾನು ಮುಂದಕ್ಕೆ ಹೋದೆ."

ಟೀಚರ್ ಕಣ್ಣು ಹಾಳೆಯಿಂದ ಮೇಲೆದ್ದಿತು. ಅವನ ಕಡೆಗಲ್ಲ, ನನ್ನ ಕಡೆಗೆ. ಅದನ್ನು ಅವನು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಅದೇ ಹೊತ್ತಿಗೆ ತಲೆ ತಗ್ಗಿಸಿದ್ದೆ. ಅದನ್ನೂ ನೋಡಿದ.

"ಅಕ್ಕ, ನಿನಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಇವತ್ತೇ ಹೊಳೆಯಿತು ಅಂತಲೋ, ನಿನ್ನೆ ಮೇಷ್ಟ್ರು ಹೇಳಿದರು ಅಂತಲೋ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು.

"ಗೊತ್ತಿತ್ತು."

"ಯಾವಾಗಿಂದ?"

"ವರದಿಗೆ ಸಹಿ ಹಾಕಿದ ದಿನದಿಂದ. ನೀನು ಆಸ್ಪತ್ರೆಯಲ್ಲೇ ಇದ್ದೆ. ಟೀಚರ್ ಕೋಣೆಯಲ್ಲಿ ಪಟ್ಟಿ ಓದಿದೆ. ಓದಿ ಆಮೇಲೆ ಸಹಿ ಹಾಕಿದೆ."

ಮೇಷ್ಟ್ರು ಏನೋ ಹೇಳಲು ಹೋದರು, ಹಿರಿಯರು ಅವರ ತೋಳು ಹಿಡಿದು ಕೂರಿಸಿದರು. ತಮ್ಮ ನನ್ನ ಹತ್ತಿರ ಬಂದ, ಎಸೆತಕ್ಕೆ ಬರುವಷ್ಟೇ ಹತ್ತಿರ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ನನಗೆ ಮಾತ್ರ ಕೇಳುವ ಹಾಗೆ ಮಾತಾಡಿದ.

"ಮೂಳೆ ಮೂರು ತಿಂಗಳಿಗೆ ಕೂಡಿಕೊಳ್ತು ಅಕ್ಕ. ನನಗೆ ಬೀಳೋಕೆ ಬರಲ್ಲ ಅಂದ್ಕೊಂಡು ಎರಡು ವರ್ಷ ದಿನಾ ಬಿದ್ದೆ. ಒಬ್ಬನೇ. ನೀನು ನೋಡ್ತಿದ್ದೆ."

"ಹೇಳ್ಬೇಕು ಅಂತ ನಿನ್ನೆ ಬಂದಿದ್ದೆ ಕಣೋ."

"ಬಂದಿದ್ದೆ. ಬಂದು ನನ್ನ ತಲೆ ಒರೆಸಿ ಹೋದೆ."

ಅವನು ಮೇಜಿನ ಕಡೆ ತಿರುಗಿ ಹಿರಿಯರಿಗೆ ಬಾಗಿದ. "ಇವರಿಗೆ ಬೀಳೋಕೆ ಬೇರೆ ಯಾರನ್ನಾದ್ರೂ ಕೊಡಿ," ಅಂದ. ಹುಟ್ಟಿದಾಗಿನಿಂದ ನನ್ನನ್ನು ನೀನು ಅಂದವನು ಇವರು ಅಂದ. ಮ್ಯಾಟಿನ ಅಂಚಿಗೆ ಹೋಗಿ, ನಿಯಮದ ಪ್ರಕಾರ ಇನ್ನೊಮ್ಮೆ ಬಾಗಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅಮ್ಮ ಚೀಲ ಎತ್ತಿಕೊಂಡಳು, ಒಂದು ಸಲ ನನ್ನನ್ನು ನೋಡಿದಳು, ಅವನ ಹಿಂದೆ ಹೋದಳು.

ಹಿರಿಯರು ಗಂಟಲು ಸರಿಮಾಡಿಕೊಂಡು, ಇವತ್ತಿಗೆ ನಿಯಮ ಬದಿಗಿರಲಿ, ಬೇರೆಯವರನ್ನು ಕರೆಯಲೇ ಅಂತ ಕೇಳಿದರು. ಮುಂದಿನ ಸಾಲಿನಲ್ಲಿ ಕೂತವರ ಮುಖ ಒಂದೊಂದಾಗಿ ನೋಡಿದೆ. ಒಬ್ಬರೂ ಏಳಲಿಲ್ಲ.